ಮಾನಸಿಕ ನಮ್ಯತೆ ಮತ್ತು ಕಬ್ಬಿನ ಗದ್ದೆಯ ಸೊಂಟನೋವು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಕಡಿಯುವವರನ್ನು ನೀವು ನೋಡಿರುತ್ತೀರಿ. ಮಚ್ಚಿನ ಏಟು ಬೀಳುವುದು ಜಲ್ಲೆಯ ನಡುವಿಗಲ್ಲ, ನೆಲಕ್ಕೆ ತಾಗಿದ ಬುಡಕ್ಕೆ. ಕಬ್ಬಿನ ಬುಡದ ಗೆಣ್ಣುಗಳಲ್ಲಿ ಸಕ್ಕರೆಯ ಅಂಶ ಹೆಚ್ಚು, ತುದಿಯತ್ತ ಹೋದಂತೆ ಕಡಿಮೆ. ಅಲ್ಲದೆ ನೆಲಮಟ್ಟಕ್ಕೆ ಕಡಿದರೆ ಮುಂದಿನ ಕೂಳೆ ಬೆಳೆ ಚೆನ್ನಾಗಿ ಚಿಗುರುತ್ತದೆ. ಸಸ್ಯದ ಈ ಎರಡು ಗುಣಗಳು ಕಡಿಯುವವರ ಸೊಂಟವನ್ನು ದಿನವಿಡೀ ಬಗ್ಗಿಸಿಡುತ್ತವೆ. 'ಸೊಂಟ ಹಿಡ್ಕಂಡದೆ' ಎಂಬ ಮಾತು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಇಂತಹ ನೋವಿನ ಪುನಶ್ಚೇತನ ಚಿಕಿತ್ಸೆಯಲ್ಲಿ ಈಚಿನ ವರ್ಷಗಳಲ್ಲಿ 'ಮಾನಸಿಕ ನಮ್ಯತೆ' ಎಂಬ ಪರಿಕಲ್ಪನೆ ಹೆಚ್ಚಾಗಿ ಕೇಳಿಬರುತ್ತಿದೆ. ಇದು ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿ, 1999ರಲ್ಲಿ ಪುಸ್ತಕವಾಗಿ ಮಂಡಿಸಿದ 'ಸ್ವೀಕಾರ ಮತ್ತು ಬದ್ಧತೆ ಚಿಕಿತ್ಸೆ'ಯ ತಿರುಳು. ಇದು ನಮ್ಮ ಕಬ್ಬಿನ ಗದ್ದೆಯವರೆಗೆ ಬಂದರೆ ಎಷ್ಟು ಉಪಯೋಗಕ್ಕೆ ಬರುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ನೋಡೋಣ.

ಮೊದಲು ಅದರ ಬಲವನ್ನು ಒಪ್ಪಬೇಕು. ನೋವು ಎಂದರೆ ಅಂಗಾಂಶಕ್ಕೆ ಆದ ಗಾಯದ ಅಳತೆಯಲ್ಲ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ 'ದ್ವಾರ ನಿಯಂತ್ರಣ' ಸಿದ್ಧಾಂತದ ಪ್ರಕಾರ, ನೋವಿನ ಸಂಕೇತ ಬೆನ್ನುಹುರಿಯಲ್ಲಿ ಹಿಗ್ಗಲೂಬಹುದು, ಕುಗ್ಗಲೂಬಹುದು. ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳಿಗೂ ಇದರಲ್ಲಿ ಪಾತ್ರವಿದೆ. 'ಡಿಸ್ಕ್ ಸವೆದಿದೆ' ಎಂಬ ವರದಿ ಹಿಡಿದು ಹೆದರುವವರನ್ನು ನೀವು ಕಂಡಿರಬಹುದು. ಆದರೆ ಬೆನ್ನುನೋವೇ ಇಲ್ಲದವರ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲೇ ಶೇ. 37 ಮಂದಿಯಲ್ಲಿ ಡಿಸ್ಕಿನ ಸವೆತ ಕಂಡಿತು. 80ರವರಲ್ಲಿ ಅದು ಶೇ. 96. ಅಂದರೆ ಸವೆತ ಬಹುಮಟ್ಟಿಗೆ ತಲೆ ನರೆತಂತೆ. ಅದಕ್ಕೆ ಹೆದರಿ ನಡೆದಾಟವನ್ನೇ ಬಿಟ್ಟರೆ ಸ್ನಾಯುಗಳು ಸೊರಗುತ್ತವೆ, ನೋವು ಹೆಚ್ಚುತ್ತದೆ, ಹೆದರಿಕೆಯೂ ಹೆಚ್ಚುತ್ತದೆ.

ನಮ್ಯತೆಯ ಕೌಶಲಗಳು ಈ ಸುಳಿಯಿಂದ ಹೊರತರಲು ಯತ್ನಿಸುತ್ತವೆ. 'ನನ್ನ ಸೊಂಟ ಮುರಿದೇ ಹೋಯಿತು' ಎಂಬುದನ್ನು ರೋಗಿ 'ಸೊಂಟ ಮುರಿದೇ ಹೋಯಿತು ಎಂಬ ವಿಚಾರ ನನಗೆ ಬರುತ್ತಿದೆ' ಎಂದು ಹೇಳಿಕೊಳ್ಳಲು ಕಲಿಯುತ್ತಾನೆ. ಮಾತು ಸ್ವಲ್ಪವೇ ಬದಲಾಯಿತು, ಆದರೆ ವಿಚಾರಕ್ಕೂ ತನಗೂ ನಡುವೆ ಅಂತರ ಬಂತು. ನೋವು ಪೂರ್ತಿ ಹೋದಮೇಲೆ ಬದುಕೋಣ ಎಂದು ಕಾಯುವ ಬದಲು, ಮೊಮ್ಮಗುವನ್ನು ಅಂಗನವಾಡಿಗೆ ಬಿಟ್ಟುಬರುವಂತಹ, ತನಗೆ ಬೆಲೆಯುಳ್ಳ ಒಂದು ಕೆಲಸವನ್ನು ನೋವಿನ ಜೊತೆಗೇ ಸ್ವಲ್ಪಸ್ವಲ್ಪವಾಗಿ ಮಾಡುತ್ತಾನೆ. ಇದೆಲ್ಲ ನಮ್ಮಲ್ಲಿ ಹಿಂದೆಯೇ ಇತ್ತು ಎನ್ನುವವರಿದ್ದಾರೆ. ಇದ್ದಿರಬಹುದು, ಎಷ್ಟು ಜನರಿಗೆ, ಎಷ್ಟು ಗುಣವಾಯಿತು ಎಂದು ಎಣಿಸಿ ನೋಡುವುದು ಬೇರೆಯೇ ಕೆಲಸ.

ಎಣಿಸಿದಾಗ ಸಿಕ್ಕಿದ್ದೇನು? ದೀರ್ಘಕಾಲಿಕ ನೋವಿಗೆ ನೀಡುವ ಮಾನಸಿಕ ಚಿಕಿತ್ಸೆಗಳ ಬಗ್ಗೆ 2020ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆ 75 ಪ್ರಯೋಗಗಳನ್ನು ಒಳಗೊಂಡಿತ್ತು. ಅವುಗಳಲ್ಲಿ ಈ ಚಿಕಿತ್ಸೆಯವು 5 ಮಾತ್ರ, ಭಾಗವಹಿಸಿದವರು 443 ಮಂದಿ. ಬೇರೆ ಸಕ್ರಿಯ ಚಿಕಿತ್ಸೆಗಳಿಗೆ ಹೋಲಿಸಿದಾಗ ಇದರ ಮೇಲುಗೈ ಕಾಣಲಿಲ್ಲ. ಸಾಕ್ಷ್ಯದ ಗುಣಮಟ್ಟವೂ ಬಹುಮಟ್ಟಿಗೆ ಕಡಿಮೆ. ಮರುವರ್ಷ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಪರಿಗಣಿಸಬಹುದೆಂದಿತು. ಆದರೆ ಆ ಶಿಫಾರಸು 'ಪ್ರಾಥಮಿಕ' ದೀರ್ಘಕಾಲಿಕ ನೋವಿಗೆ, ಅಂದರೆ ಬೇರೆ ಸ್ಪಷ್ಟ ಕಾರಣ ಕಾಣದ ಅಥವಾ ಕಾರಣಕ್ಕೆ ಮೀರಿದ ನೋವಿಗೆ. ದಿನಾ ಬಗ್ಗಿ ಮಚ್ಚು ಬೀಸುವವರ ನೋವಿನ ಕಾರಣ ಗದ್ದೆಯಲ್ಲೇ ಇದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಅಳತೆಗೋಲಿನ ಬಗ್ಗೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ತುಸು ನಿಧಾನವಾಗಿ ಓದಬೇಕು.

ನೋವಿನ ಸ್ವೀಕಾರವನ್ನು ಅಳೆಯಲು ಹೆಚ್ಚಾಗಿ ಬಳಸುವುದು ಮೆಕ್ರಾಕೆನ್ ಮತ್ತು ಸಂಗಡಿಗರು 2004ರಲ್ಲಿ ಪರಿಷ್ಕರಿಸಿದ 20 ಹೇಳಿಕೆಗಳ ಪ್ರಶ್ನಾವಳಿಯನ್ನು. ಅದರಲ್ಲಿ ಎರಡು ಭಾಗಗಳಿವೆ. ನೋವಿದ್ದರೂ ಚಟುವಟಿಕೆ ಮುಂದುವರಿಸುತ್ತೀರಾ ಎಂಬುದು ಒಂದು. ನೋವನ್ನು ಹತೋಟಿಗೆ ತರಲು ಹೆಣಗುವುದನ್ನು ಬಿಟ್ಟಿದ್ದೀರಾ ಎಂಬುದು ಇನ್ನೊಂದು. ಈಗ ಮಳವಳ್ಳಿ ಕಡೆಯ ಒಬ್ಬ ಕೂಲಿ ಹೆಂಗಸನ್ನು ಊಹಿಸಿಕೊಳ್ಳಿ. ನೋವಿದ್ದರೂ ಕೆಲಸಕ್ಕೆ ಹೋಗುತ್ತೀಯಾ? ಹೋಗುತ್ತಾಳೆ, ಹೋಗದಿದ್ದರೆ ಕೂಲಿಯಿಲ್ಲ. ನೋವು ಕಳೆಯಲು ಹೆಣಗುತ್ತೀಯಾ? ಇಲ್ಲ, ಆಸ್ಪತ್ರೆಗೆ ಹೋದರೆ ಒಂದು ದಿನ ಹಾಳು. ಎರಡೂ ಭಾಗಗಳಲ್ಲಿ ಆಕೆಗೆ ಒಳ್ಳೆಯ ಅಂಕ! ಆಯ್ಕೆಯಿಂದ ಮಾಡಿದ್ದಕ್ಕೂ ಬೇರೆ ದಾರಿಯಿಲ್ಲದೆ ಮಾಡಿದ್ದಕ್ಕೂ ಈ ಅಳತೆಗೋಲು ವ್ಯತ್ಯಾಸ ಕಾಣದು. ನೋವನ್ನು ನುಂಗಿಕೊಂಡು ದುಡಿಯುವುದು ಕೂಡ ನೋವನ್ನು ಬೇರೂರಿಸಬಲ್ಲದು ಎಂದು ಜರ್ಮನಿಯ ಮೋನಿಕಾ ಹಾಸೆನ್‌ಬ್ರಿಂಗ್ ತೋರಿಸಲು ಯತ್ನಿಸಿದ್ದಾರೆ. ಹಾಗಿದ್ದರೆ ಆಕೆಯ ಹೆಚ್ಚಿನ ಅಂಕ ಆರೋಗ್ಯದ ಗುರುತೋ, ಅಪಾಯದ ಗುರುತೋ?

ನಮ್ಯತೆಯನ್ನೇ ಅಳೆಯುವ, 7 ಹೇಳಿಕೆಗಳ ಇನ್ನೊಂದು ಪ್ರಶ್ನಾವಳಿಯ ಕಥೆ ಇದಕ್ಕಿಂತ ಸ್ವಾರಸ್ಯಕರ. ಸ್ವೀಡನ್ನಿನ ಮಾರ್ಟಿನ್ ವೋಲ್ಗಾಸ್ಟ್ 2014ರಲ್ಲಿ ಪರೀಕ್ಷಿಸಿದಾಗ, ಅದರ ಹೇಳಿಕೆಗಳು ಸ್ವೀಕಾರಕ್ಕಿಂತ ಮನಸ್ಸಿನ ಸಂಕಟವನ್ನು ಅಳೆಯುವ ಹೇಳಿಕೆಗಳ ಜೊತೆಗೇ ಹೆಚ್ಚು ಹೊಂದಿಕೊಂಡವು. ಇದರ ಪರಿಣಾಮ ಯೋಚಿಸಿ. 'ನಮ್ಯತೆ ಹೆಚ್ಚಿದಂತೆ ಸಂಕಟ ಕಡಿಮೆಯಾಯಿತು' ಎಂಬ ಫಲಿತಾಂಶ, ಒಂದೇ ಪಾತ್ರೆಯ ನೀರಿಗೆ ಎರಡು ಉಷ್ಣಮಾಪಕ ಇಟ್ಟು 'ಒಂದು ಇಳಿದದ್ದರಿಂದ ಇನ್ನೊಂದು ಇಳಿಯಿತು' ಎಂದಂತೆ ಆಗಬಹುದು.

ಭಾಷೆಯ ತೊಡಕೂ ಇದೆ. 'ಸ್ವೀಕಾರ'ವನ್ನು ಮಂಡ್ಯದ ಮಾತಿಗೆ ತಂದರೆ 'ಒಪ್ಕಬುಡು' ಎಂದಾಗುತ್ತದೆ. ಅದರ ಪಕ್ಕದಲ್ಲೇ 'ಹಣೇಬರ' ಕಾದು ಕುಳಿತಿರುತ್ತದೆ. ಚಿಕಿತ್ಸೆಯವರು ಹೇಳುವುದು ಶರಣಾಗತಿಯಲ್ಲ, ನೋವಿನೊಡನೆ ಜಗಳ ನಿಲ್ಲಿಸಿ ಉಳಿದ ಶಕ್ತಿಯನ್ನು ಬೇರೆಡೆ ತೊಡಗಿಸುವುದು. 'ನೋವಿಗೂ ಒಂದಿಷ್ಟು ಎಡೆ ಕೊಡು' ಎಂಬುದು ಇದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಪ್ರಶ್ನಾವಳಿಯನ್ನು ಅನುವಾದಿಸುವವರು ಈ ಒಂದು ಪದಕ್ಕಾಗಿ ಹಳ್ಳಿಯ ಜಗಲಿಯಲ್ಲಿ ಒಂದು ವಾರ ಕೂತರೂ ನಷ್ಟವಿಲ್ಲ.

ನೋವಿನ ತರಬೇತಿಯಲ್ಲಿ 'ಸುಸ್ತಾಗುವ ಮೊದಲೇ, ಗಡಿಯಾರ ನೋಡಿ ವಿಶ್ರಮಿಸು' ಎಂಬ ಒಳ್ಳೆಯ ಸಲಹೆಯೂ ಬರುತ್ತದೆ. ಗದ್ದೆಯ ಗಡಿಯಾರ ಯಾರ ಕೈಯಲ್ಲಿದೆ? ಕಡಿದ ಜಲ್ಲೆಯಲ್ಲಿ ಇನ್ವರ್ಟೇಸ್ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯತೊಡಗುತ್ತದೆ, ನೀರೂ ಆರುತ್ತದೆ. ಕಾರ್ಖಾನೆಗಾಗಲಿ ಆಲೆಮನೆಗಾಗಲಿ ಬೇಗ ಸಾಗಿಸದಿದ್ದರೆ ರೈತನಿಗೆ ನಷ್ಟ. ಕಡಿಯುವವರಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ ಕೊಡುವುದು ರೂಢಿ. ಹೀಗಾಗಿ ಕಿಣ್ವವೂ ಟನ್ನೂ ಸೇರಿ ಕೆಲಸದ ವೇಗವನ್ನು ನಿರ್ಧರಿಸುತ್ತವೆ, ಮನಸ್ಸು ಎಷ್ಟೇ ನಮ್ಯವಾಗಿರಲಿ. ಸಂಬಳದ ರಜೆಯಿರುವ ದೇಶಗಳಲ್ಲಿ ಬೆಳೆದ ಚಿಕಿತ್ಸೆ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನಮ್ಮಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯು ಸಕ್ಕರೆ, ಬೆಲ್ಲ ತಯಾರಿಸುವ ಘಟಕಗಳನ್ನು ಋತುಮಾನದ ಕಾರ್ಖಾನೆಗಳೆಂದು ಹೊರಗಿಟ್ಟಿತ್ತು. ಗದ್ದೆಯ ಕೂಲಿಯ ಮಾತಂತೂ ದೂರವೇ ಉಳಿಯಿತು.

ಹಾಗೆಂದು ಈ ಕೌಶಲಗಳನ್ನು ಬದಿಗಿಡುವುದೂ ಸರಿಯಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಅಲ್ಲಿಗೆ ಬರುವ ಕಾಯಿಯನ್ನು ಕೀಳುವುದು ಅಪಾಯದ ಕೆಲಸ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನ ಕಾಲಿನ ಉರಿ ಹಲವು ವೇಳೆ ಔಷಧಿಗೆ ಪೂರ್ತಿ ಬಗ್ಗುವುದಿಲ್ಲ. ಮತ್ತೆ ಮರ ಹತ್ತುವ ಮಾತಿಲ್ಲ. ಅವನ ಮುಂದಿರುವ ಪ್ರಶ್ನೆ, ಈ ಉರಿಯನ್ನು ಇಟ್ಟುಕೊಂಡೇ ಗಾಲಿಕುರ್ಚಿಯಲ್ಲಿ ಯಾವ ಬದುಕು ಕಟ್ಟುವುದು ಎಂಬುದು. ನಮ್ಯತೆಯ ಕೌಶಲ ತನ್ನ ಸರಿಯಾದ ಜಾಗದಲ್ಲಿರುವುದು ಇಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ, ಮಂಡ್ಯದಲ್ಲಿ 2006ರಿಂದ ವೈದ್ಯಕೀಯ ಕಾಲೇಜಿದೆ. ಕಲಿಸಲು ತಜ್ಞರೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇದೇ ಚಿಕಿತ್ಸೆಯ ಆಧಾರದಲ್ಲಿ ರೂಪಿಸಿದ, ಧ್ವನಿಮುದ್ರಿತ ಪಾಠಗಳ 5 ಕೂಟಗಳ ಕಾರ್ಯಕ್ರಮವನ್ನು ಉಗಾಂಡದಲ್ಲಿ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರ ಪ್ರಯೋಗದಲ್ಲಿ ಸ್ವಲ್ಪ ತರಬೇತಿ ಪಡೆದ ಸಾಮಾನ್ಯರೇ ನಡೆಸಿದರು. ಮೂರು ತಿಂಗಳ ಬಳಿಕವೂ ಮಾನಸಿಕ ಸಂಕಟ ಕಡಿಮೆಯಿತ್ತೆಂದು 2020ರಲ್ಲಿ ವರದಿಯಾಯಿತು. ಆದರೆ ಅಲ್ಲಿ ಗುರಿಯಾಗಿದ್ದುದು ಸಂಕಟ, ದೀರ್ಘಕಾಲಿಕ ನೋವಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ಇಂತಹ ಪ್ರಯೋಗ ನಡೆಸುವುದಾದರೆ, ಆ 20 ಹೇಳಿಕೆಗಳ ಜೊತೆ ಇನ್ನೆರಡು ಪ್ರಶ್ನೆಗಳನ್ನು ಸೇರಿಸಲಿ: ಇವತ್ತು ನೋವು ಬಂದಾಗ ಕೆಲಸ ನಿಲ್ಲಿಸಲು ನಿಮಗೆ ಸಾಧ್ಯವಿತ್ತೆ? ನಿಲ್ಲಿಸಿದ್ದರೆ ಎಷ್ಟು ರೂಪಾಯಿ ಕೂಲಿ ಹೋಗುತ್ತಿತ್ತು?