ಪೋರ್ಟ್‌ಲ್ಯಾಂಡಿನ ಕಾಲುಗಳು

ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ಎಂಬ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಹೆಸರೆತ್ತಿದರೆ ಸಾಕು, ಎದುರಿನವರ ಬಾಯಿಂದ ಬರುವುದು ಅದೇ ಎರಡು ಮಾತು. ಹೊಸ ಆಟಗಾರರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ 1984ರ ಡ್ರಾಫ್ಟ್‌ನಲ್ಲಿ ಮೈಕೆಲ್ ಜೋರ್ಡನ್ ಕಣ್ಣೆದುರಿಗಿದ್ದರೂ ಸ್ಯಾಮ್ ಬೋವಿಯನ್ನು ಆರಿಸಿದರು. 2007ರಲ್ಲಿ ಕೆವಿನ್ ಡುರಾಂಟ್‌ನನ್ನು ಬಿಟ್ಟು ಗ್ರೆಗ್ ಓಡನ್‌ನನ್ನು ತಂದರು. ಎರಡೂ ನಿಜವೇ. ಆದರೆ 1970ರಲ್ಲಿ ಹುಟ್ಟಿದ ಒಂದು ಕ್ಲಬ್ಬಿನ ಏಳುಬೀಳನ್ನೆಲ್ಲ ಆ ಎರಡು ದಿನಗಳಿಗೆ ಕಟ್ಟಿಹಾಕುವವರ ಜೊತೆ ನನ್ನ ಜಗಳ ಹಳೆಯದು.

ಬೋವಿಯ ಆಯ್ಕೆಗೆ ಕಾರಣವಿತ್ತು. ಗಾರ್ಡ್ ಜಾಗದಲ್ಲಿ ಜಿಮ್ ಪ್ಯಾಕ್ಸನ್ ಇದ್ದ. ಹಿಂದಿನ ವರ್ಷವಷ್ಟೇ ಹದಿನಾಲ್ಕನೆಯ ಆಯ್ಕೆಯಾಗಿ ಕ್ಲೈಡ್ ಡ್ರೆಕ್ಸ್ಲರ್ ಬಂದಿದ್ದ. ಬೇಕಾಗಿದ್ದವನು ಸೆಂಟರ್. ನನ್ನ ತಕರಾರು ಬೇರೆ. ಕಾಲಿನ ಮೂಳೆಯ ಬಿರುಕಿನಿಂದ ಬೋವಿ ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ. ಪೋರ್ಟ್‌ಲ್ಯಾಂಡಿನ ಚರಿತ್ರೆಯನ್ನು ಓದಬೇಕಾದದ್ದು ಅಲ್ಲಿ: ಬಂದವರ ಕಾಲುಗಳಲ್ಲಿ, ಆ ಕಾಲು ವಾಸಿಯಾಗಲು ಎಷ್ಟು ದಿನ ಬಿಟ್ಟರು ಎನ್ನುವುದರಲ್ಲಿ.

1977ರ ತಂಡದಿಂದಲೇ ಶುರುಮಾಡೋಣ. ಅಲ್ಲಿಯವರೆಗೆ ಪ್ಲೇಆಫ್‌ನ ಮುಖವನ್ನೇ ನೋಡಿರದ ಕ್ಲಬ್ಬು ಅದು. ಜ್ಯಾಕ್ ರಾಮ್ಸೆ ಅವರು ಕೋಚ್ ಆಗಿ ಬಂದ ಮೊದಲ ಸೀಸನ್. ಎನ್‌ಬಿಎಗೆ ಪೈಪೋಟಿಯಾಗಿದ್ದ ಎಬಿಎ ಲೀಗ್ ಮುಚ್ಚಿದಾಗ ಮೌರಿಸ್ ಲೂಕಸ್ ಸಿಕ್ಕಿದ್ದ. ನಡುವೆ ಸೆಂಟರ್ ಬಿಲ್ ವಾಲ್ಟನ್. ಕರೀಮ್ ಅಬ್ದುಲ್ ಜಬ್ಬಾರ್ ಇದ್ದ ಲೇಕರ್ಸನ್ನು ನಾಲ್ಕಕ್ಕೆ ನಾಲ್ಕು ಪಂದ್ಯ ಸೋಲಿಸಿದರು. ಫೈನಲ್‌ನಲ್ಲಿ ಜೂಲಿಯಸ್ ಅರ್ವಿಂಗ್‌ನ ಫಿಲಡೆಲ್ಫಿಯಾ ಎದುರು ಮೊದಲೆರಡನ್ನು ಕಳೆದುಕೊಂಡು ಮುಂದಿನ ನಾಲ್ಕನ್ನೂ ಗೆದ್ದರು. ಆರನೆಯ ಪಂದ್ಯ 109-107. ಅಂದು ವಾಲ್ಟನ್‌ನ ಲೆಕ್ಕ: 20 ಅಂಕ, 23 ರೀಬೌಂಡ್, 7 ಅಸಿಸ್ಟ್, 8 ಬ್ಲಾಕ್. ಈ ನಾಲ್ಕು ಅಂಕಿಗಳಲ್ಲಿ ನನಗೆ ಹೆಚ್ಚಿನದು ಆ ಏಳು. ರೀಬೌಂಡ್ ಹಿಡಿದು ನೆಲಕ್ಕೆ ಇಳಿಯುವಾಗಲೇ ಮೈ ತಿರುಗಿಸಿ, ಓಡುತ್ತಿರುವ ಗಾರ್ಡ್‌ಗೆ ಚೆಂಡು ದಾಟಿಸುತ್ತಿದ್ದ. ಹೈ ಪೋಸ್ಟ್‌ನಲ್ಲಿ ಚೆಂಡು ಹಿಡಿದು ನಿಂತರೆ ಬಾಬ್ ಗ್ರಾಸ್ ಎದುರಾಳಿಯ ಬೆನ್ನ ಹಿಂದಿನಿಂದ ಬುಟ್ಟಿಯ ಕಡೆ ನುಗ್ಗುತ್ತಿದ್ದ, ಪಾಸ್ ಅಲ್ಲಿಗೆ ಮೊದಲೇ ಹೋಗಿರುತ್ತಿತ್ತು. ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ನಿಂತು ತಳ್ಳಾಡುವವನು ಎಂದುಕೊಂಡವರಿಗೆ ಆ ಪಂದ್ಯಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮರುವರ್ಷ ಮೊದಲ ಅರವತ್ತು ಪಂದ್ಯಗಳಲ್ಲಿ ಐವತ್ತು ಗೆಲುವು. ಆಮೇಲೆ ವಾಲ್ಟನ್‌ನ ಪಾದ ಕೆಟ್ಟಿತು. 58 ಪಂದ್ಯಗಳನ್ನಷ್ಟೇ ಆಡಿಯೂ ಆ ಸೀಸನ್ನಿನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ, ಅವನೇ. ಪ್ಲೇಆಫ್ ಬಂತು. ನೋವು ಮರೆಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಸಿಯಾಟಲ್ ಎದುರು ಇಳಿದ. ಎರಡನೆಯ ಪಂದ್ಯದ ನಂತರ ಎಕ್ಸ್‌ರೇ ತೆಗೆದಾಗ ಎಡಪಾದದ ನಡುವಿನ ಪುಟ್ಟ ಮೂಳೆಯೊಂದು ಮುರಿದಿತ್ತು. ಕ್ಲಬ್ಬಿನ ವೈದ್ಯಕೀಯ ಉಪಚಾರವನ್ನು ಬಹಿರಂಗವಾಗಿ ದೂರಿದ ವಾಲ್ಟನ್ ತನ್ನನ್ನು ಬೇರೆ ಕ್ಲಬ್ಬಿಗೆ ಕಳಿಸಿ ಎಂದ, ಮುಂದಿನ ಇಡೀ ಸೀಸನ್ ಆಡಲಿಲ್ಲ, 1979ರಲ್ಲಿ ಸ್ಯಾನ್ ಡಿಯೆಗೊಗೆ ಹೊರಟುಹೋದ. ಪೋರ್ಟ್‌ಲ್ಯಾಂಡ್ ಮತ್ತೆ ಚಾಂಪಿಯನ್ ಆಗಿಲ್ಲ.

ಆ ಬಿದ್ದ ಮನೆಯೊಳಗೆ ಹೋಗಿ ಕುಳಿತವರು ಡೇವಿಡ್ ಹಾಲ್ಬರ್‌ಸ್ಟ್ಯಾಮ್. ವಿಯೆಟ್ನಾಂ ಯುದ್ಧದ ವರದಿಗೆ ಪುಲಿಟ್ಜರ್ ಪಡೆದ ಪತ್ರಕರ್ತ 1979-80ರ ಸೀಸನ್ ಉದ್ದಕ್ಕೂ ಈ ತಂಡದ ಬೆನ್ನು ಹತ್ತಿ ಬರೆದ 'ದ ಬ್ರೇಕ್ಸ್ ಆಫ್ ದ ಗೇಮ್' 1981ರಲ್ಲಿ ಬಂತು. ಬ್ಯಾಸ್ಕೆಟ್‌ಬಾಲ್ ಬಗ್ಗೆ ಒಂದೇ ಪುಸ್ತಕ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಅದನ್ನೇ. ಅವರು ಆರಿಸಿಕೊಂಡದ್ದು ಗೆದ್ದ ವರ್ಷವನ್ನಲ್ಲ. 38 ಗೆದ್ದು 44 ಸೋತ ವರ್ಷವನ್ನು. ಸಂಬಳದ ಅಸಮಾಧಾನದಲ್ಲಿ ಲೂಕಸ್ ಮುದುಡುತ್ತಾನೆ, ಸೀಸನ್ ನಡುವೆ ಅವನನ್ನೂ ಲಯೋನೆಲ್ ಹಾಲಿನ್ಸ್‌ನನ್ನೂ ಕ್ಲಬ್ಬು ಕೈಬಿಡುತ್ತದೆ. ಟಿವಿ ದುಡ್ಡು ಆಟವನ್ನು ಎತ್ತ ಎಳೆಯುತ್ತಿದೆ, ಬಿಳಿಯರ ಊರಿನಲ್ಲಿ ಕಪ್ಪು ಆಟಗಾರರು ಹೇಗೆ ಬಾಳುತ್ತಾರೆ, ತಾನು ಕಟ್ಟಿದ ಆಟ ಕಣ್ಣೆದುರೇ ಬಿಚ್ಚಿಕೊಳ್ಳುವಾಗ ರಾಮ್ಸೆಯಂಥ ಕೋಚ್ ಏನು ಮಾಡುತ್ತಾರೆ, ಎಲ್ಲ ಅಲ್ಲಿದೆ. ವಾಲ್ಟನ್ ಆಗಲೇ ಹೋಗಿಯಾಗಿದೆ. ಆದರೂ ಪುಸ್ತಕದ ಉದ್ದಕ್ಕೂ ಅವನ ಪಾದ ಕಾಡುತ್ತದೆ. ಡ್ರಾಫ್ಟ್ ಲೆಕ್ಕ ಹಾಕುವವರು ಇದನ್ನೊಮ್ಮೆ ಓದಬೇಕು.

ಇಲ್ಲಿಂದ ಡ್ರೆಕ್ಸ್ಲರ್ ಕಾಲದ ಎರಡು ಫೈನಲ್‌ಗಳಿಗೆ, 1990ರಲ್ಲಿ ಡೆಟ್ರಾಯಿಟ್ ಎದುರಿನದಕ್ಕೂ 1992ರಲ್ಲಿ ಜೋರ್ಡನ್‌ನ ಶಿಕಾಗೊ ಎದುರಿನದಕ್ಕೂ ಹೋಗಬೇಕೆಂದಿದ್ದೆ. ಎರಡನ್ನೂ ಸೋತರು. ಆದರೆ ಪಾಸ್ ಕೊಡುವ ಸೆಂಟರ್‌ಗಳ ಮಾತು ಬಂದಮೇಲೆ ಅರ್ವಿದಾಸ್ ಸಬೋನಿಸ್‌ನನ್ನು ದಾಟಿ ಹೋಗಲು ನನ್ನಿಂದಾಗದು.

ಲಿಥುವೇನಿಯಾದ ಈ ಏಳು ಅಡಿ ಮೂರು ಅಂಗುಲದ ಹುಡುಗನನ್ನು ಪೋರ್ಟ್‌ಲ್ಯಾಂಡ್ ಆರಿಸಿದ್ದು 1986ರಲ್ಲಿ, 24ನೆಯ ಆಯ್ಕೆಯಾಗಿ. ಸೋವಿಯತ್ ಸರ್ಕಾರ ಬಿಡುವ ಹಾಗಿರಲಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ಹರಿದು 1988ರಲ್ಲಿ ಚಿಕಿತ್ಸೆಗಾಗಿ ಅದೇ ಊರಿಗೆ ಬಂದ. ಕೆಲವು ತಿಂಗಳಲ್ಲೇ ಸೋಲ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82-76ರಿಂದ ಸೋಲಿಸಿದ ಸೋವಿಯತ್ ತಂಡದಲ್ಲಿ ಆಡಿ ಚಿನ್ನ ಗೆದ್ದ. ಪೋರ್ಟ್‌ಲ್ಯಾಂಡ್ ಅಂಗಿ ತೊಟ್ಟದ್ದು 1995ರಲ್ಲಿ, ರಿಯಲ್ ಮ್ಯಾಡ್ರಿಡ್‌ಗೆ ಯುರೋಪಿನ ಕಿರೀಟ ಗೆದ್ದುಕೊಟ್ಟ ಮೇಲೆ. ಆಗ ಅವನಿಗೆ ಮೂವತ್ತು, ಓಡಲು ಕಾಲಿರಲಿಲ್ಲ. ಅಂಥ ಕಾಲಿನಲ್ಲೂ ಏಳು ಸೀಸನ್ ಆಡಿದ. ನಿಂತಲ್ಲೇ ನಿಂತು, ನೋಡದೆ, ಬೆನ್ನ ಹಿಂದಿನಿಂದ ಕೊಟ್ಟ ಪಾಸ್‌ಗಳನ್ನು ನೋಡಿದವರಿಗೆ ಇಂದಿನ ಸೆಂಟರ್ ನಿಕೊಲಾ ಯೋಕಿಚ್ ಅಚ್ಚರಿಯಾಗಿ ಕಾಣುವುದಿಲ್ಲ, ನೆಂಟನಾಗಿ ಕಾಣುತ್ತಾನೆ.

ಸಬೋನಿಸ್ ಇದ್ದ ತಂಡವೇ 2000ದಲ್ಲಿ ಫೈನಲ್‌ನ ಬಾಗಿಲಿಗೆ ಹೋದದ್ದು. ಲೇಕರ್ಸ್ ಎದುರು ಏಳನೆಯ ಪಂದ್ಯ, ಕೊನೆಯ ಕ್ವಾರ್ಟರ್‌ನಲ್ಲಿ ಹದಿನೈದು ಅಂಕಗಳ ಮುನ್ನಡೆ. ಸತತ ಹದಿಮೂರು ಶಾಟ್ ತಪ್ಪಿದವು. 89-84ರಿಂದ ಸೋಲು. ಆ ಕ್ವಾರ್ಟರ್ ನೆನೆದರೆ ನನಗೆ ಇಂದಿಗೂ ಹೊಟ್ಟೆ ತೊಳಸುತ್ತದೆ.

ಒಂಬತ್ತು ವರ್ಷ ಸಬೋನಿಸ್‌ಗೆ ಕಾದ ಕ್ಲಬ್ಬು 2010ರಲ್ಲಿ ತನ್ನ ಗಾರ್ಡ್ ಬ್ರ್ಯಾಂಡನ್ ರಾಯ್‌ಗೆ ಕಾಯಲಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಎಂಟನೆಯ ದಿನಕ್ಕೆ ಫೀನಿಕ್ಸ್ ಎದುರು ಅಂಗಳಕ್ಕಿಳಿದ. ಆಡುತ್ತೇನೆಂದು ಹಟ ಹಿಡಿದವನು ಅವನೇ ಇರಬಹುದು. ಬೇಡ ಎನ್ನಬೇಕಾದವರು ಹಿರಿಯರು. 2011ರ ಡಿಸೆಂಬರ್‌ನಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಆಟ ನಿಲ್ಲಿಸುತ್ತೇನೆಂದ. ಜೋರ್ಡನ್ ಕೈತಪ್ಪಿದ್ದಕ್ಕಿಂತ ನನ್ನನ್ನು ಸುಡುವುದು ಇದು.

ವಾಲ್ಟನ್ 2024ರ ಮೇ ತಿಂಗಳಲ್ಲಿ ತೀರಿಕೊಂಡ. 1977ರ ಆರನೆಯ ಪಂದ್ಯದ ಚಿತ್ರಿಕೆ ಸಿಕ್ಕರೆ ಬಿಡಬೇಡಿ. ಅಂಕಪಟ್ಟಿ ನೋಡದೆ, ರೀಬೌಂಡ್ ಹಿಡಿದ ಕ್ಷಣದಿಂದ ಚೆಂಡು ಕೈಬಿಡುವವರೆಗೆ ಅವನನ್ನಷ್ಟೇ ನೋಡಿ. ಡ್ರೆಕ್ಸ್ಲರ್ ಕಥೆ ಮುಂದಿನ ವಾರ.