ಕೊಟ್ಟ ನುಡಿ, ಕಟ್ಟಿದ ನುಡಿ

ಬರೆಯಲು ಹೊರಟವನ ಮುಂದೆ ಒಂದು ವಿಷಯವನ್ನೋ ಒಂದು ಸಾಲನ್ನೋ ಇರಿಸಿ ‘ಇದರ ಮೇಲೆ ಕಟ್ಟು’ ಎಂದು ಹೇಳುವ ಪದ್ಧತಿ ಇತ್ತೀಚೆಗೆ ಕನ್ನಡದಲ್ಲಿ ಮತ್ತೆ ಬಹುವಾಗಿ ಪ್ರಚಾರಕ್ಕೆ ಬಂದಿದೆ. ಎಳೆಯ ಬರಹಗಾರರ ಬಳಗಗಳು ವಾರಕ್ಕೊಂದು ವಿಷಯವನ್ನು ಕೊಡುತ್ತವೆ. ಶಾಲೆ ಕಾಲೇಜುಗಳ ಸ್ಪರ್ಧೆಗಳು ವರ್ಷಕ್ಕೊಂದನ್ನು ಕೊಡುತ್ತವೆ. ಇದನ್ನು ಹೊಸ ವಿದ್ಯೆಯೆಂದು ಕೊಂಡಾಡುವವರಿದ್ದಾರೆ. ಪರರು ಕೊಟ್ಟ ವಿಷಯದಿಂದ ನಿಜವಾದ ನುಡಿ ಹುಟ್ಟಲಾರದೆಂದು ಹಳಿಯುವವರೂ ಇದ್ದಾರೆ. ಮೊದಲಿನವರು ಪರಂಪರೆಯನ್ನು ಮರೆತಿದ್ದಾರೆ. ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂಬುದೇ ಇಲ್ಲಿನ ವಿಚಾರ.

ಕೊಟ್ಟ ನುಡಿಯನ್ನು ತುಂಬುವ ಕಲೆ ಭಾರತೀಯ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಹೇಳಿರುವ 64 ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವೂ ಒಂದು. ಭೋಜರಾಜನ ಆಸ್ಥಾನದ ಕತೆಗಳು ಬಹುಮಟ್ಟಿಗೆ ಸಮಸ್ಯೆಗಳ ಕತೆಗಳೇ. ಮೆಟ್ಟಿಲ ಮೇಲಿಂದ ಉರುಳಿದ ಹೊನ್ನಕೊಡದ ಸದ್ದನ್ನೇ, ಅರ್ಥವಿಲ್ಲದ ಬರಿಯ ಅಕ್ಷರಗಳನ್ನೇ, ಪದ್ಯದ ಕಡೆಯ ಪಾದವಾಗಿ ಕೊಟ್ಟಾಗ ಕಾಳಿದಾಸನು ಉಳಿದ ಮೂರು ಪಾದಗಳಲ್ಲಿ ಆ ಕೊಡವನ್ನೂ ಅದು ಜಾರಿದ ಕೈಯನ್ನೂ ತಂದು ನಿಲ್ಲಿಸಿದನೆಂಬ ಕತೆಯನ್ನು ಕೇಳದವರು ವಿರಳ. ಅವಧಾನ ಕಲೆಯಲ್ಲಿ ಇದು ಇನ್ನಷ್ಟು ಬೆಳೆಯಿತು. ದತ್ತಪದಿಯಲ್ಲಿ ಹೊಂದಿಕೆಯಿಲ್ಲದ ನಾಲ್ಕು ಪದಗಳನ್ನು ಕೊಟ್ಟು ಪಾದಕ್ಕೊಂದರಂತೆ ಸೇರಿಸಲು ಹೇಳುತ್ತಾರೆ. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದಕ್ಷರವನ್ನು ನುಡಿದೊಡನೆ ಪೃಚ್ಛಕನು ಮುಂದಿನದನ್ನು ಊಹಿಸಿ ತಡೆಯುತ್ತಾನೆ. 2012ರಲ್ಲಿ ಬೆಂಗಳೂರಿನಲ್ಲಿ ಶತಾವಧಾನಿ ಆರ್. ಗಣೇಶರು ಅಚ್ಚಗನ್ನಡದಲ್ಲಿಯೇ ಶತಾವಧಾನವನ್ನು ನಡೆಸಿ ಈ ಕಲೆ ಕನ್ನಡಕ್ಕೆ ಒಗ್ಗುವುದೆಂಬುದನ್ನು ಸ್ಥಾಪಿಸಿದರು.

ಆದರೆ ಆಸ್ಥಾನದ ಸಮಸ್ಯೆಗೆ ಒಂದು ಮಿತಿಯುಂಟು. ಅಲ್ಲಿ ಕೇಳುಗನಿಗಾಗುವ ಸಂತೋಷ ಬಹುಪಾಲು ಸಿಕ್ಕಿನಿಂದ ಬಿಡಿಸಿಕೊಂಡ ಸಂತೋಷ. ಕವಿ ಬಲೆಯಿಂದ ಹೇಗೆ ಪಾರಾದನೆಂಬುದನ್ನು ಸಭೆ ನೋಡುತ್ತದೆ, ತಲೆದೂಗುತ್ತದೆ. ಕೇಳಿದವನಿಗೆ ಉತ್ತರದ ಅಗತ್ಯವಿರಲಿಲ್ಲ. ಉತ್ತರ ಬಾರದೆ ಹೋಗಿದ್ದರೂ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ.

ಇದಕ್ಕೆ ಬೇರೆಯಾದ ಒಂದು ದೃಷ್ಟಾಂತ ಸುರಪುರ ಸೀಮೆಯಲ್ಲಿಯೇ ದೊರೆಯುತ್ತದೆ. ಈ ಸೀಮೆಯ ಮುದನೂರು ಆದ್ಯವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನ ಊರು. ವಿವಾಹಕ್ಕೆ ಕನ್ಯೆಯನ್ನು ಅರಸುತ್ತ ಹೊರಟ ದಾಸಿಮಯ್ಯನು ಮರಳು ಬೆರೆತ ಅಕ್ಕಿಯನ್ನೂ ಒಂದಷ್ಟು ಕಬ್ಬನ್ನೂ ಕೊಟ್ಟು, ಬೇರೆ ನೀರನ್ನಾಗಲಿ ಸೌದೆಯನ್ನಾಗಲಿ ಬಳಸದೆ ಪಾಯಸ ಮಾಡಿಕೊಡಬೇಕೆಂದು ಕೇಳಿದನಂತೆ. ದುಗ್ಗಳೆಯೆಂಬ ಕನ್ಯೆ ಅಕ್ಕಿಯನ್ನು ಜಾಲಿಸಿ ಮರಳನ್ನು ಬೇರ್ಪಡಿಸಿದಳು. ಕಬ್ಬನ್ನು ಹಿಂಡಿ ರಸ ತೆಗೆದಳು. ಉಳಿದ ಸಿಪ್ಪೆಯನ್ನು ಒಣಗಿಸಿ ಒಲೆಗಿಟ್ಟಳು. ಜನಪದರು ಇದನ್ನು ಜಾಣ್ಮೆಯ ಕತೆಯಾಗಿ ಹೇಳುತ್ತಾರೆ, ಸರಿಯೇ. ವಿಮರ್ಶಕನಿಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣಬೇಕು. ಕೊಟ್ಟ ವಸ್ತುವಿನಲ್ಲಿಯೇ ಬೇಯಿಸುವ ರಸವೂ ಉರಿಯುವ ಸೌದೆಯೂ ಇದ್ದವು. ಅಲ್ಲದೆ ಕೇಳಿದವನು ಸಭಿಕನಲ್ಲ. ಉತ್ತರ ದೊರೆತರೆ ಅವನ ಬಾಳೇ ಬೇರೆಯಾಗುವಂತಿತ್ತು. ಈ ಎರಡು ಲಕ್ಷಣಗಳಲ್ಲಿ ಒಂದಾದರೂ ಇಲ್ಲದ ಪ್ರಶ್ನೆಯಿಂದ ಸಾಹಿತ್ಯ ಹುಟ್ಟುವುದು ಕಷ್ಟ.

ಮುದನೂರಿನಂತೆ ಸುರಪುರ ಸೀಮೆಗೆ ಸೇರಿದ, ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಕಕ್ಕೇರಾದಂಥ ಊರುಗಳಲ್ಲಿ ಈ ವಿದ್ಯೆಯನ್ನು ಯಾರೂ ಶಾಲೆಯಲ್ಲಿ ಕಲಿತವರಲ್ಲ. ಮದುವೆಯ ಮನೆಯ ಹೊಸ್ತಿಲಲ್ಲಿ ನಾದಿನಿಯರು ಬಾಗಿಲನ್ನು ಅಡ್ಡಗಟ್ಟಿ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡೆವೆಂದು ಹಟ ಹಿಡಿಯುವುದು ಉತ್ತರ ಕರ್ನಾಟಕದಲ್ಲೆಲ್ಲ ರೂಢಿಯಲ್ಲಿರುವ ಸಂಪ್ರದಾಯ. ಗಂಡನ ಹೆಸರನ್ನು ಬರಿದೆ ನುಡಿಯಬಾರದು, ಪ್ರಾಸವಿಟ್ಟು ಒಡಪಿನಲ್ಲಿ ಅಡಕಗೊಳಿಸಿ ಹೇಳಬೇಕು. ಪಂಡಿತರು ದತ್ತಪದಿಯೆಂದು ಹೆಸರಿಟ್ಟದ್ದು ಇದನ್ನೇ ಅಲ್ಲವೆ? ಕೊಟ್ಟ ಪದ ಒಂದೇ, ಆದರೆ ಅದು ನುಡಿಯಬಾರದ ಪದ. ನಾಚಿಕೆ, ಹೊಸ ಮನೆಯ ಅಂಜಿಕೆ, ನೋಡುತ್ತ ನಿಂತ ಹತ್ತು ಜನ, ಇವೆಲ್ಲ ಆ ನಿಮಿಷದಲ್ಲಿ ಕೂಡುತ್ತವೆ. ಹಲವರು ಹಿರಿಯರಿಂದ ಕಲಿತ ಒಡಪನ್ನೇ ಹೆಸರು ಬದಲಿಸಿ ಒಪ್ಪಿಸುತ್ತಾರೆಂಬುದು ನಿಜ. ಕೇಳುವವರು ಅದನ್ನು ಕೂಡಲೇ ಗುರುತಿಸಿ, ‘ಅದು ಹಳೇದು, ಬೇರೆ ಹಾಕು’ ಎನ್ನುತ್ತಾರೆ. ಇಂಥ ನಿಷ್ಠುರ ವಿಮರ್ಶೆ ಮುದ್ರಿತ ಪತ್ರಿಕೆಗಳಲ್ಲಿ ದೊರೆಯುವುದು ಅಪರೂಪ!

ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬು ಇದಕ್ಕಿಂತ ವಿಸ್ತಾರವಾದ ಕ್ರಮ. ಒಂದು ಪಕ್ಷ ಗಂಡಿನ ಹೆಚ್ಚಳವನ್ನು, ಇನ್ನೊಂದು ಪಕ್ಷ ಹೆಣ್ಣಿನ ಹೆಚ್ಚಳವನ್ನು ಹಿಡಿದು ದಪ್ಪು ತುಂತುಣಿಗಳೊಡನೆ ಇರುಳಿಡೀ ಹಾಡುತ್ತವೆ. ಪುರಾಣದಿಂದ ಎತ್ತಿದ ಒಂದು ತೊಡಕಿನ ಪ್ರಶ್ನೆಗೆ ಎದುರು ಪಕ್ಷ ಹಾಡಿನಲ್ಲಿಯೇ ಉತ್ತರಿಸಬೇಕು. ವಾದದ ಬಿಸಿಯಲ್ಲಿ ವಿಚಾರ ಕೆಲವೊಮ್ಮೆ ಬರಿಯ ಮೂದಲಿಕೆಗೆ ಇಳಿಯುತ್ತದೆಂಬ ಆಕ್ಷೇಪ ನ್ಯಾಯವಾದುದೇ. ಆದರೂ ಉತ್ತರಿಸುವವನು ಎದುರಾಳಿಯ ಮಾತನ್ನು ಪೂರ್ತಿ ಕೇಳಲೇಬೇಕು. ಕೇಳದವನಿಗೆ ಅಲ್ಲಿ ಉಳಿಗಾಲವಿಲ್ಲ.

ಈಗ ಶೂನ್ಯಸಂಪಾದನೆಯ ವಿಚಾರ. ಕೊಟ್ಟ ನುಡಿಗೂ ಕಟ್ಟಿದ ನುಡಿಗೂ ಇರುವ ಸಂಬಂಧವನ್ನು ಕುರಿತು ಕನ್ನಡದಲ್ಲಿ ಇದಕ್ಕಿಂತ ಆಳವಾದ ಪ್ರಯೋಗ ನಡೆದಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ, ಈ ನಾಲ್ವರ ನಾಲ್ಕು ಸಂಪಾದನೆಗಳು ಉಪಲಬ್ಧವಾಗಿವೆ. ಓದುವವರು ಇದನ್ನು ಅನುಭವಮಂಟಪದಲ್ಲಿ ನಡೆದ ಸಂವಾದವೆಂದೇ ಓದುತ್ತಾರೆ. ಅಲ್ಲಮನು ಕೇಳುತ್ತಾನೆ, ಶರಣರು ಉತ್ತರಿಸುತ್ತಾರೆ; ಒಂದು ಪ್ರಶ್ನೆಯಿಂದ ಒಂದು ವಚನ ಹುಟ್ಟುತ್ತದೆ. ಆದರೆ ರಚನೆಯ ದೃಷ್ಟಿಯಿಂದ ನೋಡಿದರೆ ನಡೆದದ್ದು ಇದಕ್ಕೆ ವಿಪರೀತವಾದ ಕ್ರಮ. 12ನೆಯ ಶತಮಾನದ ವಚನಗಳು ಸಂಪಾದನಕಾರರ ಮುಂದೆ ಬಿಡಿಬಿಡಿಯಾಗಿ ಇದ್ದವು. ಆ ವಚನಗಳನ್ನು ಉತ್ತರಗಳೆಂದು ಭಾವಿಸಿ, ಅವು ಯಾವ ಪ್ರಶ್ನೆಗೆ ಉತ್ತರವಾಗಬಹುದೆಂದು ಚಿಂತಿಸಿ, ಆ ಸಂದರ್ಭಗಳನ್ನು ತಮ್ಮ ಗದ್ಯದಲ್ಲಿ ಕಟ್ಟಿಕೊಟ್ಟವರು 15ನೆಯ ಶತಮಾನದಿಂದೀಚಿನ ಸಂಪಾದನಕಾರರು. ಸಾಮಾನ್ಯ ಸಮಸ್ಯಾಪೂರಣದಲ್ಲಿ ಕಡೆಯ ಪಾದ ಕೈಯಲ್ಲಿದ್ದು ಪದ್ಯ ಬೇಕಾಗಿರುತ್ತದೆ. ಇಲ್ಲಿ ಪದ್ಯಗಳೆಲ್ಲ ಸಿದ್ಧವಿದ್ದು ಬೇಕಾಗಿದ್ದುದು ಸಮಸ್ಯೆ.

ಇಂಥ ಕಾರ್ಯದ ಗುಣವನ್ನು ಅಳೆಯುವುದು ಹೇಗೆ? ಹೊಂದಿಸಿದ ಪ್ರಶ್ನೆಯಿಂದ ವಚನ ಬೆಳೆಯಿತೋ ಕುಗ್ಗಿತೋ ಎಂದು ನೋಡುವುದೇ ಮಾರ್ಗ. ಮಹಾದೇವಿಯಕ್ಕ ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಪರಿಶೀಲಿಸಬಹುದು. ಅಲ್ಲಮನು ಅವಳ ಪತಿಯ ಕುರುಹನ್ನು ಕೇಳುತ್ತಾನೆ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡದ್ದೇಕೆ ಎಂದು ಕೇಳುತ್ತಾನೆ. ಈ ಎರಡನೆಯ ಪ್ರಶ್ನೆ ನಿಷ್ಕರುಣವಾದುದು. ಬಿಡಿಯಾಗಿ ಓದಿದಾಗ ವೈರಾಗ್ಯದ ಮಾತಿನಂತೆ ಕಾಣುವ ಅಕ್ಕನ ನುಡಿ, ತುಂಬಿದ ಸಭೆಯ ನಡುವೆ ಈ ಪ್ರಶ್ನೆಗೆ ಎದುರಾಗಿ ನಿಂತಾಗ, ಅವಳು ಪಡೆದ ನೆಲೆಯ ಸಾಕ್ಷ್ಯವಾಗಿ ಪರಿಣಮಿಸುತ್ತದೆ. ಉತ್ತರ ತಪ್ಪಿದ್ದರೆ ಅವಳಿಗೆ ಆ ಗೋಷ್ಠಿಯಲ್ಲಿ ಎಡೆಯಿಲ್ಲ. ಅವಳ ಉತ್ತರದ ಮುಂದೆ ಕೇಳಿದವನೂ ಮಣಿಯುತ್ತಾನೆ. ಸಂಪಾದನಕಾರರ ಪ್ರತಿಭೆ ಇಲ್ಲಿ ವಚನಕಾರ್ತಿಯ ಪ್ರತಿಭೆಗೆ ಸಮನಾಗಿ ದುಡಿದಿದೆ ಎಂದರೆ ಅತಿಶಯೋಕ್ತಿಯಾಗದು.

ಎಲ್ಲ ಕಡೆಯಲ್ಲಿಯೂ ಹೀಗಾಗಿಲ್ಲ. ಷಟ್‌ಸ್ಥಲದ ಕ್ರಮವನ್ನು ನಿರೂಪಿಸಲೇಬೇಕೆಂಬ ಹಂಬಲದಲ್ಲಿ ಪ್ರಶ್ನೆಗಳು ಪಾಠದ ಪ್ರಶ್ನೆಗಳಾಗಿ ಬಿಗಿದುಕೊಳ್ಳುವ ಭಾಗಗಳೂ ಇವೆ. ಅಲ್ಲಿ ವಚನ ಸ್ಥಲದ ಉದಾಹರಣೆಯಾಗಿ ನಿಂತುಬಿಡುತ್ತದೆ. ಮೊದಲನೆಯ ಸಂಪಾದನೆಯಲ್ಲಿ ಇಲ್ಲದ ಸಿದ್ಧರಾಮನ ದೀಕ್ಷೆಯ ಪ್ರಸಂಗ ಮುಂದಿನ ಪರಿಷ್ಕರಣಗಳಲ್ಲಿ ಬಂದು ಸೇರಿತೆಂಬುದು ವಿದ್ವಾಂಸರು ಚರ್ಚಿಸಿರುವ ಸಂಗತಿ. ಪ್ರಶ್ನೆ ಬದಲಾಯಿತು, ಅದರೊಡನೆ ಸಿದ್ಧರಾಮನ ಉತ್ತರದ ಧ್ವನಿಯೂ ಬದಲಾಯಿತು. ಕೇಳುವವನ ಕೈಯಲ್ಲಿರುವ ಅಧಿಕಾರ ಎಷ್ಟೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದಾಗ ವಿಷಯಾನುಕ್ರಮವಾಗಿ ವಚನಗಳನ್ನು ಜೋಡಿಸಿದರು. ಆ ಶೀರ್ಷಿಕೆಗಳಿಂದ ಓದುಗರಿಗೆ ಆದ ಉಪಕಾರ ಅಪಾರ. ಅವರ ತಲೆಮಾರಿಗೆ ದಾರಿಯಾಗಿದ್ದ ಆ ಶೀರ್ಷಿಕೆಗಳೇ ಮುಂದೆ ಪರೀಕ್ಷೆಯ ಪ್ರಶ್ನೆಗಳಾಗಿ ಗಟ್ಟಿಯಾದುದಕ್ಕೆ ಹಳಕಟ್ಟಿಯವರು ಹೊಣೆಯಲ್ಲ.

ವಿಷಯವನ್ನು ಹೇರಿದರೆ ಕಾವ್ಯ ಸಾಯುತ್ತದೆಂಬ ವಾದಕ್ಕೆ ರಾಘವಾಂಕನ ಐತಿಹ್ಯವನ್ನು ಎತ್ತುವುದುಂಟು. ಹರಿಶ್ಚಂದ್ರಕಾವ್ಯವನ್ನು ಬರೆದು ಮರ್ತ್ಯನನ್ನು ಹೊಗಳಿದನೆಂದು ಕೋಪಿಸಿದ ಹರಿಹರನು ಪಾದುಕೆಯಿಂದ ಹೊಡೆದಾಗ ಐದು ಹಲ್ಲುಗಳು ಉದುರಿದವಂತೆ; ಶಿವಪರವಾದ ಐದು ಕೃತಿಗಳನ್ನು ರಚಿಸಿದ ಮೇಲೆ ಅವು ಒಂದೊಂದಾಗಿ ಬಂದವಂತೆ. ತಾನಾಗಿ ಬರೆದ ಹರಿಶ್ಚಂದ್ರಕಾವ್ಯವೇ ಶ್ರೇಷ್ಠ, ಹಲ್ಲಿಗಾಗಿ ಬರೆದವು ಸಪ್ಪೆ, ಎಂದು ತೀರ್ಪು ಕೊಡುವುದು ಸುಲಭ. ಆದರೆ ಸಿದ್ಧರಾಮಚಾರಿತ್ರದಲ್ಲಿ ಮಲ್ಲಯ್ಯನನ್ನು ಕಾಣದೆ ಶ್ರೀಶೈಲದಲ್ಲಿ ಕೂಗುತ್ತ ಅಲೆಯುವ ಬಾಲಕನ ಚಿತ್ರ ಈ ತೀರ್ಪಿಗೆ ಒಪ್ಪುವುದಿಲ್ಲ. ಐತಿಹ್ಯ ನಿಜವೋ ಸುಳ್ಳೋ, ಗುರು ಹೇರಿದ ವಿಷಯದೊಳಗೆ ರಾಘವಾಂಕನು ತನ್ನ ಅಳಲನ್ನು ಕಂಡುಕೊಂಡನೆಂಬುದಂತೂ ಆ ಪುಟಗಳಲ್ಲಿ ಕಾಣುತ್ತದೆ. ಕಾಣದಿದ್ದ ಕಡೆ ಆ ಕೃತಿಗಳು ಸೊರಗಿವೆ ಎಂಬುದನ್ನೂ ಒಪ್ಪಬೇಕು.

ಇಷ್ಟನ್ನು ಗಮನದಲ್ಲಿರಿಸಿಕೊಂಡು ಇಂದಿನ ಸ್ಪರ್ಧೆಗಳ ವಿಷಯಪಟ್ಟಿಯನ್ನು ನೋಡಬೇಕು. ‘ಬಸವಣ್ಣನವರ ಸಾಮಾಜಿಕ ಕ್ರಾಂತಿ’ ಎಂಬುದು ಪ್ರಬಂಧದ ವಿಷಯವಾದಾಗ ಉತ್ತರ ಆ ಮೂರು ಪದಗಳಲ್ಲಿಯೇ ಮುಗಿದಿದೆ. ಕ್ರಾಂತಿಯಾಯಿತೆಂದು ಮೊದಲೇ ಹೇಳಿ, ಆಯಿತೆಂದು ಸಾಧಿಸಲು ಕೇಳಲಾಗಿದೆ. ಬರೆದ ನೂರು ಮಂದಿ ಒಂದೇ ಪ್ರಬಂಧವನ್ನು ಬರೆದರೆ ಅವರನ್ನು ದೂರಲಾಗದು. ಆಧುನಿಕ ವಚನಗಳ ರಚನೆಯಲ್ಲಿಯೂ ಇದೇ ವಿಪತ್ತು. ಒಂದು ಅಂಕಿತವನ್ನು ಆರಿಸಿಕೊಂಡು, ಲಂಚವನ್ನೋ ಆಡಂಬರವನ್ನೋ ವಸ್ತುವಾಗಿಸಿ, ಏಳೆಂಟು ಸಾಲು ಬರೆದು ಕೊನೆಗೆ ಅಂಕಿತವನ್ನು ಅಂಟಿಸುವುದು ಹಲವೆಡೆ ಕಾಣುತ್ತದೆ. ದಾಸಿಮಯ್ಯನು ರಾಮನಾಥನೆಂದು ಕರೆದಾಗ ಎದುರಿಗೆ ಒಬ್ಬ ಕೇಳುವವನಿದ್ದಾನೆ. ಮೇಲಿನ ಸಾಲುಗಳೆಲ್ಲ ಅವನನ್ನು ಉದ್ದೇಶಿಸಿ ಆಡಿದ ಮಾತುಗಳು. ಸಂಬೋಧನೆಯಿಲ್ಲದ ಅಂಕಿತ ಬರಿಯ ರುಜು. ನಿಂದಿಸಿದವನು ತನ್ನನ್ನು ಆ ನಿಂದೆಯಿಂದ ಹೊರಗಿರಿಸಿಕೊಂಡಿದ್ದರಂತೂ ಅದು ರುಜುವೂ ಅಲ್ಲ.

ಮಳೆ, ತಾಯಿ, ನೀರು ಎಂಬ ಪಟ್ಟಿ ಕೊಡುವ ಅಧ್ಯಾಪಕರ ಉದ್ದೇಶ ಒಳ್ಳೆಯದೇ. ಆದರೆ ಕೃಷ್ಣೆಯ ಎಡದಂಡೆಯ ಊರಿನ ವಿದ್ಯಾರ್ಥಿಗೆ ‘ನೀರು’ ಎಂದರೆ ಅವನು ಪಠ್ಯಪುಸ್ತಕದ ನೀರನ್ನೇ ಬರೆಯುತ್ತಾನೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಮನೆಯ ಹೊಲದಲ್ಲಿ ಯಾವ ಬೆಳೆ ನಿಂತುಹೋಯಿತು, ಅದನ್ನು ಈಗಲೂ ನೆನೆಯುವವರು ಯಾರು ಎಂದು ಕೇಳಿದರೆ ಅವನು ಅಜ್ಜಿಯ ಬಳಿಗೆ ಹೋಗಬೇಕಾಗುತ್ತದೆ. ಈ ಸೀಮೆಯಿಂದ ಕುಟುಂಬಗಳು ಬೆಂಗಳೂರಿಗೂ ಪುಣೆಗೂ ದುಡಿಮೆಗಾಗಿ ಗುಳೆ ಹೋಗುತ್ತವೆ. ‘ವಲಸೆಯ ದುಷ್ಪರಿಣಾಮಗಳು’ ಎಂದು ಕೊಟ್ಟರೆ ದುಷ್ಪರಿಣಾಮಗಳ ಎಣಿಕೆ ಬರುತ್ತದೆ. ಗುಳೆ ಹೋಗುವ ದಿನ ಮನೆಯ ಕೀಲಿಯನ್ನು ಯಾರ ಕೈಗೆ ಕೊಟ್ಟರು ಎಂದು ಕೇಳಿದ ಅಧ್ಯಾಪಕನಿಗಾದರೋ ಉತ್ತರ ತಿಳಿದಿರುವುದಿಲ್ಲ. ಅವನು ಬರಹ ಮುಗಿಯುವವರೆಗೆ ಕಾಯಬೇಕು.