ಚರ್ಮ ಕೇಳಿಸಿಕೊಳ್ಳುತ್ತದೆಯೇ?

ಡೊಳ್ಳು ಬಾರಿಸುವವರ ತೀರ ಸಮೀಪ ನಿಂತಾಗ ಎದೆಯೊಳಗೆ ಯಾರೋ ಗುದ್ದಿದಂತಾಗುವುದನ್ನು ನೀವು ಅನುಭವಿಸಿರಬಹುದು. ಕಿವಿ ಮುಚ್ಚಿಕೊಂಡರೂ ಆ ಗುದ್ದು ನಿಲ್ಲುವುದಿಲ್ಲ. ಇಂಥ ಅನುಭವವನ್ನೇ ಸಂಗೀತದ ದಾರಿಯಾಗಿಸಿಕೊಂಡವರು ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವಲಿನ್ ಗ್ಲೆನಿ. 1965ರಲ್ಲಿ ಹುಟ್ಟಿದ ಇವರಿಗೆ ಎಂಟನೆಯ ವಯಸ್ಸಿನಲ್ಲಿ ಕಿವಿ ಮಂದವಾಗತೊಡಗಿ, ಹನ್ನೆರಡರ ಹೊತ್ತಿಗೆ ತೀವ್ರ ಕಿವುಡು ಬಂದಿತ್ತು. ಇವರನ್ನು ಕುರಿತು ಜರ್ಮನಿಯ ಥಾಮಸ್ ರೀಡೆಲ್ಸ್‌ಹೈಮರ್ 2004ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರ 'ಟಚ್ ದ ಸೌಂಡ್'. ವಿಜ್ಞಾನ ಸಂಘಗಳಲ್ಲಿ ಇದನ್ನು ತೋರಿಸಿ ಎಂದು ನಾನು ಅನೇಕ ಶಿಕ್ಷಕರಿಗೆ ಹೇಳಿದ್ದೇನೆ. ಈಗಲೂ ಹೇಳುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ.

ಚಿತ್ರದ ಗುಣಗಳು ಎದ್ದು ಕಾಣುತ್ತವೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ವಿಶಾಲ ಹಜಾರದಲ್ಲಿ ಒಂದೇ ಒಂದು ಡ್ರಂ ಬಾರಿಸುವ ದೃಶ್ಯ, ಪಾಳು ಕಾರ್ಖಾನೆಯಲ್ಲಿ ಫ್ರೆಡ್ ಫ್ರಿತ್ ಅವರೊಂದಿಗೆ ನುಡಿಸುವ ಭಾಗ, ಇವನ್ನು ನೋಡಿದವರು ಧ್ವನಿಯೆಂದರೆ ಕಂಪನ ಎಂಬುದನ್ನು ಮರೆಯಲಾರರು. ನಮ್ಮ ಎಷ್ಟೋ ಪಾಠಗಳಿಂದ ಆಗದ ಕೆಲಸ ಇದು.

ತೊಡಕಿರುವುದು ಚಿತ್ರದ ಕೇಂದ್ರ ವಿಚಾರದಲ್ಲಿ. ಕೇಳುವುದು ಸ್ಪರ್ಶದ ಒಂದು ರೂಪವೆಂದು ಗ್ಲೆನಿ 1993ರ ತಮ್ಮ ಪ್ರಬಂಧದಲ್ಲೂ ಈ ಚಿತ್ರದಲ್ಲೂ ಹೇಳುತ್ತಾರೆ. ಒಂದು ಅರ್ಥದಲ್ಲಿ ಇದು ಸರಿಯೇ. ಒಳಕಿವಿಯ ರೋಮಕೋಶಗಳು ಬಾಗುವುದರಿಂದಲೇ ಶಬ್ದ ಸಂವೇದನೆಯಾಗುತ್ತದೆ. ಬಾಗಿಸುವುದು ಯಾಂತ್ರಿಕ ಕ್ರಿಯೆ. ಆದರೆ ಕಿವಿ ಮಾಡುವ ಕೆಲಸವನ್ನು ಚರ್ಮ ಎಷ್ಟರಮಟ್ಟಿಗೆ ಮಾಡಬಲ್ಲದು? ಈ ಪ್ರಶ್ನೆಯನ್ನು ಚಿತ್ರ ಬಿಡಿಸಿ ನೋಡುವುದಿಲ್ಲ. ನಾವು ನೋಡೋಣ.

1000 ಹರ್ಟ್ಸ್ ಆವೃತ್ತಿಯ ಸ್ವರ ಎರಡು ಮೂರು ಡೆಸಿಬಲ್ ಇದ್ದರೂ ಎಳೆಯ, ಆರೋಗ್ಯವಂತ ಕಿವಿಗೆ ಕೇಳಿಸುತ್ತದೆ. 20 ಹರ್ಟ್ಸ್ ಸ್ವರ ಕೇಳಿಸಬೇಕಾದರೆ ಸುಮಾರು 78 ಡೆಸಿಬಲ್ ಬೇಕು. ಎಂದರೆ ತೀವ್ರತೆ ಸುಮಾರು 4 ಕೋಟಿ ಪಟ್ಟು ಹೆಚ್ಚು! ಮಂದ್ರ ಸ್ವರಗಳಿಗೆ ಕಿವಿ ಅಷ್ಟು ಜಡ. ಇನ್ನೊಂದು ಕಡೆ, ಒತ್ತಡ ಒಂದೇ ಆಗಿದ್ದರೂ 50 ಹರ್ಟ್ಸ್ ತರಂಗದಲ್ಲಿ ಗಾಳಿಯ ಕಣಗಳ ಓಲಾಟ 5000 ಹರ್ಟ್ಸಿನದಕ್ಕಿಂತ 100 ಪಟ್ಟು ದೊಡ್ಡದು. ಕಿವಿ ಸೋಲುವ ಕಡೆ ಮೈ ಮುಂದಾಗುವುದು ಹೀಗೆ. ಆದರೆ ಗಾಳಿಯಿಂದ ದೇಹದೊಳಕ್ಕೆ ದಾಟುವ ಶಬ್ದಶಕ್ತಿ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ, ಉಳಿದದ್ದು ಪ್ರತಿಫಲಿಸುತ್ತದೆ. ನೆಲ, ವಾದ್ಯದ ಚೌಕಟ್ಟುಗಳ ಮೂಲಕ ಬರುವ ಕಂಪನಕ್ಕೆ ಈ ತಡೆಯಿಲ್ಲ. ಗ್ಲೆನಿ ಬರಿಗಾಲಲ್ಲಿ ನುಡಿಸುವುದು ಶೋಕಿಗಲ್ಲ.

ಚರ್ಮದಾಳದಲ್ಲಿರುವ ಪಸೀನಿಯನ್ ಕಾಯಗಳೆಂಬ ಗ್ರಾಹಕಗಳು 250 ಹರ್ಟ್ಸಿನ ಆಸುಪಾಸಿನಲ್ಲಿ ಅತ್ಯಂತ ಚುರುಕು. 1000 ದಾಟಿದರೆ ಚರ್ಮಕ್ಕೆ ಹೆಚ್ಚುಕಡಿಮೆ ಏನೂ ತಿಳಿಯದು. ಸಕಾರ ಶಕಾರಗಳನ್ನು ಬೇರ್ಪಡಿಸುವ ಶಕ್ತಿಯೆಲ್ಲ 2000 ಹರ್ಟ್ಸಿನಿಂದ ಮೇಲಿದೆ. 'ಸಾಲು' ಯಾವುದು 'ಶಾಲು' ಯಾವುದು ಎಂದು ಅಂಗೈ ಹೇಳಲಾರದು. ಸಂಗೀತದಲ್ಲೂ ಅಷ್ಟೆ. ಷಡ್ಜಕ್ಕೂ ಚತುಃಶ್ರುತಿ ರಿಷಭಕ್ಕೂ ಆವೃತ್ತಿಯಲ್ಲಿರುವ ವ್ಯತ್ಯಾಸ ಸುಮಾರು ಶೇ. 12. ಕಿವಿಗೆ ಇದು ದೊಡ್ಡ ಅಂತರ. ಸಾಮಾನ್ಯವಾಗಿ ಚರ್ಮಕ್ಕೆ ಶೇ. 20ರಷ್ಟಾದರೂ ಬೇಕು.

ಹಾಗಾದರೆ ಗ್ಲೆನಿ ನುಡಿಸುವುದು ಹೇಗೆ? ಉತ್ತರ ಅವರ ಪ್ರಬಂಧದಲ್ಲೇ ಇದೆ. ಕಿವುಡು ಬರುವ ಮೊದಲೇ ಅವರಿಗೆ ನಿಖರವಾದ ಸ್ವರಜ್ಞಾನವಿತ್ತು. ಮಂದ್ರ ಸ್ವರ ಕಾಲು ಪಾದಗಳಲ್ಲಿ, ತಾರ ಸ್ವರ ಮುಖ, ಕುತ್ತಿಗೆ, ಎದೆಗಳಲ್ಲಿ ತಾಕುವುದನ್ನು ಆ ನೆನಪಿನೊಂದಿಗೆ ಜೋಡಿಸಿ ಸ್ಥಾಯಿಯನ್ನು ಸ್ಥೂಲವಾಗಿ ಗುರುತಿಸಲು ಕಲಿತರು. ಕಣ್ಣು ಕೂಡ ನೆರವಾಗುತ್ತದೆ. ಮಾತನ್ನು ಅವರು ತುಟಿ ನೋಡಿ ಗ್ರಹಿಸುತ್ತಾರೆ. ಚಿತ್ರವೋ ಈ ಅಂಶಗಳ ಬಳಿ ಹೆಚ್ಚು ಹೊತ್ತು ನಿಲ್ಲದೆ ಸೊಗಸಾದ ದೃಶ್ಯಗಳತ್ತ ಸಾಗಿಬಿಡುತ್ತದೆ.

ಇದು ಬರೀ ತಾಂತ್ರಿಕ ತಕರಾರಲ್ಲ. ಒಂದು ಶಾಲೆಯಲ್ಲಿ ಪ್ರದರ್ಶನ ಮುಗಿದಾಗ ಶಿಕ್ಷಕರೊಬ್ಬರು, ಪಾಪ ಒಳ್ಳೆಯ ಮನಸ್ಸಿನಿಂದಲೇ, ಶ್ರವಣಯಂತ್ರ ಹಾಕಿಕೊಂಡಿದ್ದ ಹುಡುಗನಿಗೆ "ನೋಡಿದೆಯೇನೋ, ಅವರು ಮೈಯಿಂದಲೇ ಕೇಳುತ್ತಾರೆ. ನೀನೂ ಮನಸ್ಸು ಮಾಡಿದರೆ ಆಗುತ್ತೆ" ಎಂದರು. ಹುಡುಗ ಮಾತಾಡದೆ ಬೆಂಚಿನ ಮೇಲೆ ಅಂಗೈ ಊರಿದ. ಚಿತ್ರ ತಂದಿದ್ದವನು ನಾನು. ಅಂದು ನಾನೂ ಏನೂ ಹೇಳಲಿಲ್ಲ. ಹೇಳಬೇಕಿತ್ತು: ಆ ಮಗುವಿಗೆ ಬೇಕಾದದ್ದು ಮುಂದಿನ ಬೆಂಚು, ಅವನ ಕಡೆ ಮುಖಮಾಡಿ ಮಾತಾಡುವ ಶಿಕ್ಷಕರು, ಯಂತ್ರಕ್ಕೆ ಸಕಾಲದಲ್ಲಿ ಬ್ಯಾಟರಿ.

ಚಿತ್ರದ ಪರವಾಗಿಯೂ ಒಂದು ಮಾತು. 1998ರಲ್ಲಿ ಫಿನ್ಲೆಂಡಿನ ಸಾರಿ ಲೆವಾನೆನ್, ರೀತ್ತಾ ಹರಿ ಮತ್ತು ಸಹೋದ್ಯೋಗಿಗಳು ಹುಟ್ಟುಕಿವುಡರಾದ ಒಬ್ಬರ ಕೈಗೆ ಕಂಪನ ನೀಡಿದಾಗ ಮಿದುಳಿನ ಶ್ರವಣ ಭಾಗ ಪ್ರತಿಕ್ರಿಯಿಸಿದ್ದನ್ನು ಕಂಡರು. 2022ರಲ್ಲಿ ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಸಂಗೀತ ಕಛೇರಿಯೊಂದರಲ್ಲಿ ಅರಿವಿಗೇ ಬಾರದಷ್ಟು ಮಂದ್ರವಾದ ಶಬ್ದವನ್ನು ಆಗಾಗ ಸೇರಿಸಿದಾಗ ಜನರ ಕುಣಿತದ ಚಲನೆ ಸುಮಾರು ಶೇ. 12ರಷ್ಟು ಹೆಚ್ಚಿತು. ಆದ್ದರಿಂದ ಗ್ಲೆನಿಯವರ ಮಾತನ್ನು ಕವಿಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಅದರ ಎಲ್ಲೆ ಎಲ್ಲಿದೆ ಎಂಬುದಷ್ಟೇ ನನ್ನ ತಕರಾರು.

ಚಿತ್ರ ತೋರಿಸುವ ಮೊದಲು ಹೀಗೆ ಮಾಡಿ. ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮುಂದೆ ಮಕ್ಕಳು ಊದಿದ ಬಲೂನನ್ನು ಎರಡೂ ಅಂಗೈಗಳ ನಡುವೆ ಹಿಡಿಯಲಿ. (ಮೊಬೈಲಿನ ಪುಟ್ಟ ಸ್ಪೀಕರ್ ಮಂದ್ರ ಸ್ವರಗಳನ್ನು ಹೊರಡಿಸಲಾರದು.) 60, 250, 1000, 4000 ಹರ್ಟ್ಸ್ ಸ್ವರಗಳನ್ನು ಹಿತಮಿತವಾದ ಧ್ವನಿಮಟ್ಟದಲ್ಲಿ ಒಂದಾದ ಮೇಲೊಂದರಂತೆ ನುಡಿಸಿ, ಅಂಗೈಗೆ ತಿಳಿದದ್ದನ್ನು ಮಕ್ಕಳೇ ಬರೆದುಕೊಳ್ಳಲಿ. 4000ಕ್ಕೆ ಬರುವಾಗ ಬಲೂನು ಸುಮ್ಮನಾಗಿರುತ್ತದೆ. ಕಿವಿಗೆ ಮಾತ್ರ ಅದೇ ಎಲ್ಲಕ್ಕಿಂತ ಕರ್ಕಶ.